ಅರಮನೆಯ ಅಡುಗೆಮನೆಯಲ್ಲಿ ಸೀನಿದವನು

ಸೀನಿದವನು ಯಾರು ಎಂಬ ವಿಷಯದಲ್ಲಿ ಬು ಪೈನೆಮ್‌ಳ, ಅಂದರೆ ಪೈನೆಮ್ ಅಮ್ಮನ, ಕಾಫಿ ಅಂಗಡಿಯ ಮೂಲೆ ಮೇಜಿನಲ್ಲಿ ವರ್ಷಗಳಿಂದ ವಾದ ನಡೆದಿತ್ತು. ಸೀನಿದವನು ಸೆನೊ. ಆ ಮೇಜಿಗೆ ಬರುವವರ ಪೈಕಿ ಅದು ಗೊತ್ತಿದ್ದದ್ದು ವೆನಿಂಗ್ ಒಬ್ಬಳಿಗೇ. ಸೆನೊ ಅವಳ ಗಂಡ. ಅವನು ಜ್ವರ ಬಂದು ತೀರಿಕೊಂಡ ಮೇಲೆ ಜಾವಾದ ಮಲಾಂಗ್‌ನಲ್ಲಿ ಇದು ಎರಡನೆಯ ಮಳೆಗಾಲ.

ಅವಳು ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಊರಿನ ಉಳಿದೆಲ್ಲ ಕಡೆ ಸೆನೊ ಸತ್ತುಹೋಗಿದ್ದ. ಈ ಮೇಜಿನಲ್ಲಿ ಮಾತ್ರ ಅವನು ಇನ್ನೂ ವಿಚಾರಣೆಯಲ್ಲಿದ್ದ.

ಆಟದ ಹೆಸರು ‘ಕಹಿ ಬಿಲ್ವ’. ಕಂಪ್ಯೂಟರಿನಲ್ಲಿ ಆಡುವಂಥದ್ದು, ನಾಲ್ಕು ಭಾಗ ಬಂದಿದ್ದವು. ಹದಿನಾಲ್ಕನೆಯ ಶತಮಾನದ ಮಜಪಾಹಿತ ರಾಜ್ಯ (ಆ ಹೆಸರಿಗೆ ಕಹಿ ಬಿಲ್ವ ಎಂದೇ ಅರ್ಥ), ಅದರ ಇಟ್ಟಿಗೆಯ ಅರಮನೆ, ರಾಣಿ, ರಾಣಿಯ ಬೇಹುಗಾರರು. ಆಡುವವನು ಒಬ್ಬ ಬೇಹುಗಾರನಾಗಿ ಗೋಡೆ ಹತ್ತಬೇಕು, ಕದ್ದು ಕೇಳಬೇಕು, ಸಿಕ್ಕಿಬಿದ್ದರೆ ಸಾಯಬೇಕು. ಇದನ್ನು ಮಾಡಿದ ಸ್ಟುಡಿಯೊ ಇದೇ ಊರಿನದು. ಕಥೆಯನ್ನು ಅವರು ನೆಟ್ಟಗೆ ಹೇಳಿರಲಿಲ್ಲ. ಇಲ್ಲೊಂದು ಶಾಸನದ ಚೂರು, ಅಲ್ಲೊಬ್ಬ ಮುದುಕಿಯ ಗೊಣಗಾಟ, ಮತ್ತೆಲ್ಲೋ ಹೂತಿಟ್ಟ ಮಡಕೆ, ಹೀಗೆ ಚೆಲ್ಲಿಬಿಟ್ಟಿದ್ದರು. ಚೆಲ್ಲಿದ್ದನ್ನು ಆಯ್ದು ಜೋಡಿಸುವವರ ಗುಂಪಿಗೆ ಬಿಲ್ವ ಮಂಡಳಿ ಎಂದು ಹೆಸರು. ದೇಶದ ತುಂಬ ಸಾವಿರಾರು ಜನ ಇದ್ದರಂತೆ. ಮಲಾಂಗ್ ಶಾಖೆಯಲ್ಲಿ ಮೂವರಿದ್ದರು. ವೆನಿಂಗ್ ಸೇರಿದ ಮೇಲೆ ನಾಲ್ವರಾದರು.

ಎರಡನೆಯ ಭಾಗದಲ್ಲಿ ಅರಮನೆಯ ಹಿಂದಿನ ಗೋಡೆ ಹಾರಿ, ಅಕ್ಕಿಯ ಕಣಜ ದಾಟಿದರೆ ಒಂದು ಅಡುಗೆಮನೆ ಸಿಗುತ್ತದೆ. ಒಳಗೆ ಯಾರೂ ಇಲ್ಲ. ಒಲೆಯ ಪಕ್ಕ ಅಂಚು ಒಡೆದ ಅರೆಯುವ ಕಲ್ಲು. ಅದರಲ್ಲಿ ಅರ್ಧ ನುರಿದ ಕೆಂಪು ಮೆಣಸಿನಕಾಯಿ. ಬಿದಿರು ತಟ್ಟಿಯ ಆಚೆ ಯಾರೋ ಅರೆಯುವ ಸದ್ದು. ಅಲ್ಲಿ ಸುಮ್ಮನೆ ನಿಂತಿದ್ದರೆ ಯಾವಾಗಲೋ ಒಮ್ಮೆ ಒಬ್ಬ ಗಂಡಸು ಸೀನುತ್ತಾನೆ. ಅಷ್ಟೇ. ಆಮೇಲೆ ಮತ್ತೆ ಅರೆಯುವ ಸದ್ದು.

ಸ್ಟುಡಿಯೊದಲ್ಲಿ ಪಾತ್ರೆ ಪಗಡೆಗಳ ಚಿತ್ರ ಮಾಡುವುದು ಸೆನೊನ ಕೆಲಸವಾಗಿತ್ತು. ಅರೆಯುವ ಕಲ್ಲು ಬೇಕಾದಾಗ ಮನೆಯ ಕಲ್ಲನ್ನೇ ನೋಡಿ ಮಾಡಿದ. ಸದ್ದು ಬೇಕಾದಾಗ, ಒಂದು ಭಾನುವಾರ ವೆನಿಂಗ್ ಮೆಣಸಿನಕಾಯಿಯ ಸಂಬಾಲ್ ಚಟ್ನಿ ಅರೆಯುತ್ತಿದ್ದರೆ ಮೈಕು ಹಿಡಿದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಘಾಟು ಏರಿತು. ಸೀನಿದ.

ವೆನಿಂಗ್ ಫಾರ್ಮಸಿ ಓದಿ ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಆಟ ಆಡಿದವಳಲ್ಲ. ಅವನು ಹೋದ ಮೇಲೆ ಒಂದು ಸಂಜೆ ಅವನ ಕಂಪ್ಯೂಟರ್ ತೆರೆದು ಆ ಅಡುಗೆಮನೆಗೆ ಹೋಗಲು ನೋಡಿದಳು. ಹಿಂದಿನ ಗೋಡೆಗೆ ಒಬ್ಬನೇ ಕಾವಲುಗಾರ. ಎಲೆಯಡಿಕೆ ಜಗಿಯುತ್ತ ನಿಂತಿದ್ದ. ಅವನು ಅವಳನ್ನು ಈಟಿಯಿಂದ ತಿವಿದು ಕೊಂದ. ಮರುದಿನವೂ ಕೊಂದ. ಒಂದು ವಾರ ಕೊಂದ. ಕೊನೆಕೊನೆಗೆ ಅವನ ಮುಖ ಅವಳಿಗೆ ಪಕ್ಕದ ಮನೆಯವರ ಮುಖಕ್ಕಿಂತ ಚೆನ್ನಾಗಿ ಪರಿಚಯವಾಯಿತು. ಅಕ್ಕಪಕ್ಕದವರು ಅವಳನ್ನು ಕಂಡರೆ ದನಿ ತಗ್ಗಿಸುತ್ತಿದ್ದರು. ಇವನು ಹಾಗೆ ಮಾಡುತ್ತಿರಲಿಲ್ಲ ಎಂಬುದೊಂದು ಸಮಾಧಾನ.

ಆಗ ಅವಳು ಬು ಪೈನೆಮ್‌ಳ ಅಂಗಡಿಗೆ ಬಂದದ್ದು.

“ಎರಡನೇ ಭಾಗದ ಅಡುಗೆಮನೆಗೆ ಹೋಗೋದು ಹೇಗೆ?” ಎಂದು ಮೂಲೆ ಮೇಜಿನಲ್ಲಿದ್ದ ಮಂಡಳಿಯ ಮೂವರನ್ನು ಕೇಳಿದಳು.

“ಅಲ್ಲೇನಿದೆ ಅಕ್ಕ? ಕತ್ತಿ ಇಲ್ಲ, ನಿಧಿ ಇಲ್ಲ,” ಎಂದ ಹಾರ್ಯೊ, ಪರೀಕ್ಷೆ ಮಾಡುವವನ ಹಾಗೆ.

“ಏನೂ ಬೇಡ. ಸ್ವಲ್ಪ ಹೊತ್ತು ನಿಲ್ಲಬೇಕು.”

ಮೂವರೂ ಮುಖ ಮುಖ ನೋಡಿಕೊಂಡರು. ಹೊಸಬರು ಯಾರೂ ನಿಲ್ಲಬೇಕು ಎನ್ನುವುದಿಲ್ಲ. ದರ್ಮೊನೊ ಮೇಷ್ಟ್ರು ತಾವೇ ಎದ್ದು ಕುರ್ಚಿ ಕೊಟ್ಟರು. ಅಂದಿನಿಂದ ಅವಳು ಅಡುಗೆಮನೆ ಅಕ್ಕ. ಅವಳು ಮಾತು ಕಡಿಮೆ ಆಡುವುದು ಆಳವಾದ ಸಂಶೋಧನೆಯ ಲಕ್ಷಣವೆಂದು ಮೂವರೂ ಒಪ್ಪಿಕೊಂಡರು. ಬೇರೆ ಯಾವ ವಿಷಯದಲ್ಲೂ ಮೂವರೂ ಒಪ್ಪಿದ್ದನ್ನು ಅವಳು ನೋಡಲಿಲ್ಲ.

ಹಾರ್ಯೊ ವಿಶ್ವವಿದ್ಯಾಲಯದ ಗೇಟಿನೆದುರು ಜೆರಾಕ್ಸ್ ಅಂಗಡಿ ಇಟ್ಟಿದ್ದ. ಕಾನೂನು ಓದಿ ಕೋರ್ಟಿನ ಮೆಟ್ಟಿಲು ಹತ್ತದೆ, ತನ್ನೊಳಗಿದ್ದ ವಕೀಲನನ್ನು ಇಡಿಯಾಗಿ ಈ ಆಟಕ್ಕೆ ಕೊಟ್ಟುಬಿಟ್ಟಿದ್ದ. ಅವನದು ಏಳನೆಯವನ ಸಿದ್ಧಾಂತ. ಮೊದಲ ಭಾಗದಲ್ಲಿ ರಾಣಿ ಆರು ಬೇಹುಗಾರರನ್ನು ಕಳಿಸುತ್ತಾಳೆ. ಗೋಡೆಯ ಮೇಲೆ ಬೀಳುವುದು ಏಳು ನೆರಳು. ಆ ಏಳನೆಯವನು ನಾಲ್ಕು ಭಾಗದಲ್ಲೂ ಯಾರ ಕಣ್ಣಿಗೂ ಬಿದ್ದಿಲ್ಲ. ಬಿದ್ದಿಲ್ಲ ಎಂಬುದೇ ಹಾರ್ಯೊನ ಮುಖ್ಯ ಸಾಕ್ಷಿ.

“ಕಣ್ಣಿಗೆ ಬಿದ್ರೆ ಅವನೆಂಥ ಬೇಹುಗಾರ?” ಎನ್ನುತ್ತಿದ್ದ. “ಮೆಣಸಿನಕಾಯಿ ನೋಡಿ. ಅದು ಈ ನಾಡಿಗೆ ಬರೋಕೆ ಇನ್ನೂ ನೂರೈವತ್ತು ವರ್ಷ ಇದೆ. ಆದ್ರೂ ಕಲ್ಲಿನ ಮೇಲಿದೆ. ಅಂದ್ರೆ ಯಾರೋ ಸಮುದ್ರ ದಾಟಿ ಹೋಗಿ ತಂದಿದ್ದಾರೆ. ತಟ್ಟಿ ಹಿಂದೆ ಅಡಗಿ ಕೂತಿದ್ದಾರೆ. ಘಾಟು ತಡೀದೆ ಸೀನಿದ್ದಾರೆ.”

“ತಂದವನಿಗೇ ಘಾಟು ಅಭ್ಯಾಸ ಇಲ್ವಾ?” ಎಂದಳು ಸೆಕಾರ್. ಅವಳು ದಂತವೈದ್ಯ ಕಾಲೇಜಿನ ವಿದ್ಯಾರ್ಥಿನಿ. ಕಿವಿ ಬಹಳ ಚುರುಕು. ಆಟದ ಸದ್ದುಗಳೆಲ್ಲ ಅವಳ ಇಲಾಖೆ.

“ತರೋನು ಬೇರೆ, ತಿನ್ನೋನು ಬೇರೆ. ನಿಮ್ಮಪ್ಪ ಸಿಮೆಂಟ್ ಮಾರ್ತಾರೆ. ತಿಂತಾರಾ?”

ದರ್ಮೊನೊ ಮೇಷ್ಟ್ರು ಇತಿಹಾಸ ಕಲಿಸಿ ನಿವೃತ್ತರಾದವರು. ಮೊಮ್ಮಗಳು ಆಡುವುದನ್ನು ನೋಡಿ, ಅದರೊಳಗಿನ ತಪ್ಪುಗಳಿಗೆ ರೇಗಿ, ತಪ್ಪು ಹುಡುಕಲೆಂದೇ ಆಡತೊಡಗಿ, ಈಗ ಮಂಡಳಿಯಲ್ಲಿ ಅತಿ ಹೆಚ್ಚು ಆಡಿದವರಾಗಿದ್ದರು.

“ಏಳನೆಯವನೂ ಇಲ್ಲ, ಎಂಟನೆಯವನೂ ಇಲ್ಲ,” ಎನ್ನುತ್ತಿದ್ದರು ಅವರು. “ಅದು ತಪ್ಪು, ಅಷ್ಟೇ. ಆಗ ಖಾರಕ್ಕೆ ಹಾಕ್ತಿದ್ದದ್ದು ಹಿಪ್ಪಲಿ, ಕಾಳುಮೆಣಸು, ಶುಂಠಿ. ಚಿತ್ರ ಮಾಡಿದೋನು ಜಾವಾದೋನು. ಮೆಣಸಿನಕಾಯಿ ಇಲ್ಲದ ಅಡುಗೆಮನೆ ಇರಬಹುದು ಅಂತ ಅವನ ತಲೆಗೇ ಹೊಳೆದಿಲ್ಲ. ಬೇರೆ ದೇಶದೋನಾಗಿದ್ರೆ ಪುಸ್ತಕ ನೋಡಿ ಸರಿಯಾಗಿ ಮಾಡ್ತಿದ್ದ.”

ಇದನ್ನು ಹೇಳುವಾಗ ಅವರ ಒಂದು ಕೈಯಲ್ಲಿ ಕರಿದ ಸೋಯಾ ತಾಹು, ಇನ್ನೊಂದರಲ್ಲಿ ಹಸಿರು ಸೂಜಿಮೆಣಸು ಇರುತ್ತಿತ್ತು. ಒಂದು ಕಡಿತ ಅದು, ಒಂದು ಕಡಿತ ಇದು. ಉಳಿದವರೂ ಹಾಗೆಯೇ. ಮೆಣಸಿನಕಾಯಿಯ ಮೇಲಿನ ವಾದಕ್ಕೆ ಅಂಗಡಿಯಲ್ಲಿ ಬಹಳ ಮೆಣಸಿನಕಾಯಿ ಖರ್ಚಾಗುತ್ತಿತ್ತು.

ಮೇಷ್ಟ್ರು ಹೇಳಿದ್ದು ನಿಜ. ಆ ಭಾನುವಾರ ಕಲ್ಲನ್ನು ನೋಡುತ್ತ ಸೆನೊ, “ಸಂಬಾಲ್ ಇಲ್ದೆ ಪಾಪ ರಾಣಿ ಅನ್ನ ಹೇಗೆ ಉಣ್ತಾಳೆ?” ಎಂದಿದ್ದ. ಕೇಳಿದ್ದು ತಮಾಷೆಗಲ್ಲ.

ಮೂರನೆಯ ಸಿದ್ಧಾಂತ ಸೆಕಾರಳದು. ತಟ್ಟಿಯ ಆಚೆ ಅರೆಯುತ್ತಿರುವವಳು ಅರಮನೆಯ ಅಡುಗೆಯವಳು. ಸೀನುವವನು ಅವಳ ಸತ್ತ ಗಂಡ.

“ದೆವ್ವಕ್ಕೆ ಶೀತ ಆಗುತ್ತಾ?” ಎಂದ ಹಾರ್ಯೊ. “ಎತ್ತು ಕರು ಹಾಕ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂತೀಯಲ್ಲ.”

“ಸದ್ದು ಕೇಳಣ್ಣ. ಯಾರೋ ಪಕ್ಕದಲ್ಲೇ ಇದ್ದಾರೆ, ಆದ್ರೆ ಇಲ್ಲ. ನಂಗೆ ಹಾಗನ್ಸುತ್ತೆ.”

“ಅನ್ಸೋದು ಸಾಕ್ಷಿ ಅಲ್ಲ. ಕೈ ಎತ್ತಿ. ಸತ್ತ ಗಂಡನ ಸಿದ್ಧಾಂತ ತಳ್ಳಿಹಾಕೋಕೆ ಯಾರು ಯಾರು ಒಪ್ತೀರಿ?”

ಹಾರ್ಯೊ ಕೈ ಎತ್ತಿದ. ಮೇಷ್ಟ್ರು ಎತ್ತಿದರು. ವೆನಿಂಗ್ ಸ್ವಲ್ಪ ಯೋಚಿಸಿ ತಾನೂ ಎತ್ತಿದಳು.

“ಅಕ್ಕ, ನೀವೂನಾ?” ಎಂದಳು ಸೆಕಾರ್.

“ಅದು ಸ್ವಲ್ಪ ಅತಿಯಾಯ್ತು ಅನ್ಸುತ್ತೆ,” ಎಂದಳು ವೆನಿಂಗ್.

ಇನ್ನೊಮ್ಮೆ ಕಲ್ಲಿನ ಒಡೆದ ಅಂಚಿನ ಮೇಲೆ ಚರ್ಚೆ ಬಂತು. ಒಡೆದ ಜಾಗ ಬಿದಿಗೆ ಚಂದ್ರನ ಆಕಾರದಲ್ಲಿದೆ, ಅದು ಬೇಹುಗಾರರ ಗುಪ್ತ ಗುರುತು ಎಂದು ಹಾರ್ಯೊ ಪಟ ಬರೆದು ತೋರಿಸಿದ. ಅಡುಗೆಮನೆ ಅಕ್ಕ ಏನು ಹೇಳುತ್ತಾಳೆ ಎಂದು ಎಲ್ಲರೂ ಕಾದರು. ಮನೆ ಬದಲಾಯಿಸುವಾಗ ಆ ಕಲ್ಲು ಬೈಕಿನ ಹಿಂದಿನಿಂದ ಬಿದ್ದಿತ್ತು; ಹಗ್ಗ ಕಟ್ಟಿದವನು ಸೆನೊ.

“ಬಿದ್ದು ಒಡೆದಿರಬಹುದು,” ಎಂದಳು.

ಹಾರ್ಯೊ ಬೆರಳಿನಿಂದ ಮೇಜು ಕುಟ್ಟಿದ. “ಬಿದ್ದು. ನೋಡಿ, ಒಂದೇ ಮಾತಲ್ಲಿ ಹೇಳಿಬಿಟ್ರು. ಇಡೀ ರಾಜ್ಯದ ಪತನ ಆ ಕಲ್ಲಲ್ಲಿದೆ.”

ಆ ಸೀನನ್ನು ಕತ್ತರಿಸಿ ಫೋನಿಗೆ ಹಾಕಿಕೊಡುತ್ತೇನೆಂದು ಸೆಕಾರ್ ಒಮ್ಮೆ ಹೇಳಿದ್ದಳು. ವೆನಿಂಗ್ ಬೇಡವೆಂದಳು. ಫೋನಿನಲ್ಲಿ ಸೆನೊನ ಮಾತುಗಳೇ ಬೇಕಾದಷ್ಟಿದ್ದವು. ಗುಂಡಿ ಒತ್ತಿದರೆ ಮಾತಾಡುತ್ತಿದ್ದ, ಅದಕ್ಕೇ ಅವಳು ಒತ್ತುತ್ತಿರಲಿಲ್ಲ. ಭಾನುವಾರ ಅಂಗಡಿಯಲ್ಲಿ ಸೆಕಾರ್ ಗೋಡೆ ಹಾರಿಸಿ ಕೊಟ್ಟ ಮೇಲೆ ಸಿಗುತ್ತಿದ್ದ ಆ ಅಡುಗೆಮನೆಯಲ್ಲಿ ಹಾಗಲ್ಲ. ಕಾಯಬೇಕು. ಕೆಲವು ಸಲ ಕಾಲಿಟ್ಟ ಕೂಡಲೇ ಸೀನುತ್ತಿದ್ದ, ಕೆಲವು ಸಲ ಪಕ್ಕದಲ್ಲಿಟ್ಟ ಚಹಾ ಆರಿ ತಣ್ಣಗಾದರೂ ಇಲ್ಲ. ಬದುಕಿದ್ದಾಗಲೂ ಮೊದಲೇ ಹೇಳಿ ಸೀನಿದವನಲ್ಲ.

ಅವನು ಸೀನಿದಾಗ ಅವಳು ಮೆಲ್ಲಗೆ “ಯರ್ಹಮುಕಲ್ಲಾಹ್” ಎನ್ನುತ್ತಿದ್ದಳು. ದೇವರು ನಿನಗೆ ಕರುಣೆ ತೋರಲಿ. ಯಾರೇ ಸೀನಿದರೂ ಹೇಳುವ ಮಾತು.

*

ಮಳೆ ಜೋರಾಗುವ ಹೊತ್ತಿಗೆ ಸ್ಟುಡಿಯೊದಿಂದ ಪ್ರಕಟಣೆ ಬಂತು. ‘ಕಹಿ ಬಿಲ್ವ’ದ ಮೊದಲ ಎರಡು ಭಾಗಗಳನ್ನು ಹೊಸದಾಗಿ ತಿದ್ದಿ ತರುತ್ತಾರೆ. ಹಳೆಯದು ಇನ್ನು ಮುಂದೆ ನಡೆಯುವುದಿಲ್ಲ. ಇತಿಹಾಸದ ತಪ್ಪುಗಳನ್ನೆಲ್ಲ ತೆಗೆಯುತ್ತಾರೆ. ತೆಗೆಯುವುದರಲ್ಲಿ ಅಡುಗೆಮನೆಯ ಮೆಣಸಿನಕಾಯಿ ಒಂದು, ‘ಅಡುಗೆಮನೆಯ ಅನವಶ್ಯಕ ಸದ್ದು’ ಇನ್ನೊಂದು. ಅಭಿಮಾನಿಗಳು ಏನಾದರೂ ಹೇಳುವುದಿದ್ದರೆ ತಿದ್ದುಪಡಿಯ ಮುಖ್ಯಸ್ಥರೇ ಬಂದು ಕೇಳುತ್ತಾರೆ.

“ಅನವಶ್ಯಕ,” ಎಂದ ಹಾರ್ಯೊ.

“ನೀವು ಸ್ಟುಡಿಯೊಗೆ ತಪ್ಪು ತಪ್ಪು ಅಂತ ಬರೆದು ಬರೆದು ಹಾಕಿದ್ದಕ್ಕೇ ಮೇಷ್ಟ್ರೇ ಹೀಗಾಗಿದ್ದು,” ಎಂದಳು ಸೆಕಾರ್.

“ನಾನು ಬರೆದಿದ್ದು ಮೆಣಸಿನಕಾಯಿ ವಿಷಯ. ಸೀನಿನ ತಂಟೆಗೆ ನಾನು ಹೋಗಿಲ್ಲ.”

“ಘಾಟು ಹೋದ ಮೇಲೆ ಸೀನು ಇರುತ್ತಾ?”

ಮೇಷ್ಟ್ರು ತಾಹುವನ್ನು ತಟ್ಟೆಯಲ್ಲಿಟ್ಟರು. ಗೆದ್ದವರ ಕಳೆ ಅವರ ಮುಖದಲ್ಲಿರಲಿಲ್ಲ.

ಬರುವವನ ಹೆಸರು ಇಂದ್ರೊ ಎಂದು ಹಾರ್ಯೊ ಓದಿ ಹೇಳಿದ. ವೆನಿಂಗ್ ಲೋಟ ಕೆಳಗಿಟ್ಟಳು. ಇಂದ್ರೊ ಸೆನೊನ ಗೆಳೆಯ. ಆಗ ಸದ್ದಿನ ವಿಭಾಗದಲ್ಲಿದ್ದ, ಅಂತ್ಯಕ್ರಿಯೆಯ ದಿನ ಮನೆಯ ಹೊರಗೆ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತ ನಿಂತವನು. ಅವಳನ್ನು ನೋಡಿದರೆ ಗುರುತು ಹಿಡಿಯುತ್ತಾನೆ.

“ಹೇಗಾದ್ರೂ ಮಾಡಿ ಆ ಸೀನು ಕಥೆಯ ಭಾಗ ಅಂತ ತೋರಿಸ್ಬೇಕು,” ಎಂದ ಹಾರ್ಯೊ. “ಕಥೆಯ ಭಾಗ ಆದ್ರೆ ಉಳಿಯುತ್ತೆ, ತಪ್ಪು ಅಂತಾದ್ರೆ ಹೋಗುತ್ತೆ. ಅಕ್ಕ, ನೀವು ಮಾತಾಡ್ತೀರಾ?”

“ನಾನು ಬೇಡ,” ಎಂದಳು ವೆನಿಂಗ್.

ಆ ವಾರವೆಲ್ಲ ಅವಳು ಲೆಕ್ಕ ಹಾಕಿದಳು. ನಿಜ ಹೇಳಿದರೆ ಸೀನು ತಪ್ಪೆಂದು ತೀರ್ಮಾನವಾಗುತ್ತದೆ. ಕಾರ್ಖಾನೆಯಲ್ಲಿ ಬಟ್ಟೆಗೆ ಸಿಕ್ಕಿಕೊಂಡ ಕೂದಲಿನ ಹಾಗೆ ಎಳೆದು ಬಿಸಾಡುತ್ತಾರೆ. ಸುಮ್ಮನಿದ್ದರೆ ಎಲ್ಲವೂ ಏಳನೆಯವನ ಮೇಲೆ ನಿಂತಿದೆ. ಗಂಡನನ್ನು ಉಳಿಸಿಕೊಳ್ಳಲು ಇರುವ ಒಂದೇ ದಾರಿ ಎಂದರೆ ಅವನು ಸಮುದ್ರ ದಾಟಿ ಬಂದ ಬೇಹುಗಾರ ಎಂದು ಒಪ್ಪುವುದು. ಸೆನೊಗೆ ದೋಣಿ ಹತ್ತಿದರೆ ವಾಂತಿ ಬರುತ್ತಿತ್ತು.

ಮನೆಯಲ್ಲಿ ಆ ಕಲ್ಲು ಸಿಂಕಿನ ಕೆಳಗಿತ್ತು. ಈಗ ಅವಳು ಬಾಟಲಿಯ ಸಂಬಾಲ್ ತರುತ್ತಿದ್ದಳು.

*

ಭಾನುವಾರ ಹಾರ್ಯೊ ಇಸ್ತ್ರಿ ಮಾಡಿದ ಬಾತಿಕ್ ಅಂಗಿ ಹಾಕಿಕೊಂಡು ಬಂದ. ಬು ಪೈನೆಮ್ ಗೋಡೆಯ ಮೇಲಿನ ಟಿವಿಯನ್ನು ಒರೆಸಿ ಕೊಟ್ಟಳು. ಅದಕ್ಕೆ ಕಂಪ್ಯೂಟರ್ ಜೋಡಿಸಿದರು. ವೆನಿಂಗ್ ಮೂಗಿನ ತನಕ ಮಾಸ್ಕ್ ಏರಿಸಿ, ಕರಿಯುವ ಬಾಣಲೆಯ ಪಕ್ಕ, ಎಲ್ಲರಿಗಿಂತ ಹಿಂದೆ ಕೂತಳು. ಶೀತ ಎಂದಿದ್ದಳು.

“ಶೀತ ಇದ್ರೆ ಬಾಣಲೆ ಹತ್ರ ಯಾಕೆ ಕೂತೆ ತಾಯಿ, ಹೊಗೆ,” ಎಂದಳು ಬು ಪೈನೆಮ್.

“ಬೆಚ್ಚಗಿದೆ, ಬು.”

ಇಂದ್ರೊ ಬಂದ. ದಪ್ಪಗಾಗಿದ್ದ. ಎಲ್ಲರ ಕೈ ಮುಟ್ಟಿ ತನ್ನ ಎದೆ ಮುಟ್ಟಿಕೊಂಡ. ಹಿಂದೆ ಕೂತವಳಿಗೂ ದೂರದಿಂದಲೇ ತಲೆಬಾಗಿಸಿದ. ಗುರುತು ಸಿಗಲಿಲ್ಲ.

ಹಾರ್ಯೊ ಎದ್ದು ನಿಂತು ವಾದ ಮಂಡಿಸಿದ. ಆರು ಬೇಹುಗಾರರು, ಏಳು ನೆರಳು, ಬಿದಿಗೆ ಚಂದ್ರ, ಸಮುದ್ರ, ಮೆಣಸಿನಕಾಯಿ. ನಡುನಡುವೆ ಅಡುಗೆಮನೆ ಅಕ್ಕನ ಸಂಶೋಧನೆಯ ಪ್ರಕಾರ ಎಂದು ಮೂರು ಬಾರಿ ಹೇಳಿದ. ಇಂದ್ರೊ ತಾಳ್ಮೆಯಿಂದ ಕೇಳಿದ.

“ಬಹಳ ಚೆನ್ನಾಗಿದೆ ಅಣ್ಣ,” ಎಂದ ಕೊನೆಗೆ. “ನಮ್ಮ ಕಥೆ ಬರೆಯೋರಿಗೂ ಇಷ್ಟೆಲ್ಲ ಹೊಳೆದಿರಲಿಲ್ಲ.”

“ಹಾಗಾದ್ರೆ ಉಳಿಸ್ತೀರಾ?”

“ಅವರಿಗೆ ಹೊಳೆದಿರಲಿಲ್ಲ ಅಂದೆನಲ್ಲ. ಅದೇ ತೊಂದರೆ. ಆ ಏಳನೇ ನೆರಳು ಒಂದು ಕಂಬದ್ದು.”

ಹಾರ್ಯೊ ಕೂತ. ಅವನು ಕೂತ ರೀತಿ ನೋಡಿ ಬು ಪೈನೆಮ್ ಕೇಳದೆಯೇ ಅವನ ಮುಂದೆ ಒಂದು ತಟ್ಟೆ ಕರಿದ ಸೋಯಾ ತೆಂಪೆ ಇಟ್ಟಳು.

“ಒಂದ್ಸಲ ಕೇಳ್ಕೊಳ್ಳಿ ಸಾರ್,” ಎಂದಳು ಸೆಕಾರ್. “ನಿಂತು ಕೇಳಿದ್ರೆ ತೆಗೆಯೋಕೆ ಮನಸ್ಸು ಬರಲ್ಲ.”

ಅವಳೇ ಆಡಿದಳು. ಗೋಡೆ ಹಾರಿದಳು, ಎಲೆಯಡಿಕೆಯ ಕಾವಲುಗಾರ ಅವಳನ್ನು ನೋಡಲೇ ಇಲ್ಲ. ವೆನಿಂಗ್‌ಗೆ ಅವನ ಮೇಲೆ ಸ್ವಲ್ಪ ಬೇಸರವಾಯಿತು. ಅಡುಗೆಮನೆ ಬಂತು. ಒಲೆ, ಕಲ್ಲು, ಮೆಣಸಿನಕಾಯಿ. ತಟ್ಟಿಯ ಆಚೆ ಅರೆಯುವ ಸದ್ದು. ಎಲ್ಲರೂ ಕಾದರು.

ಬರಲಿಲ್ಲ.

“ಕೆಲವು ಸಲ ತಡ ಆಗುತ್ತೆ,” ಎಂದ ಹಾರ್ಯೊ, ನೆಂಟರ ಮುಂದೆ ಹಾಡಲು ಒಲ್ಲದ ಮಗುವಿನ ಅಪ್ಪನ ಹಾಗೆ.

“ಬೆಳಿಗ್ಗೆ ಸೀನಿದ್ರೆ ನೆಂಟರು ಬರ್ತಾರೆ, ಸಂಜೆ ಸೀನಿದ್ರೆ ಸುದ್ದಿ ಬರುತ್ತೆ,” ಎಂದಳು ಬು ಪೈನೆಮ್. “ಅಲ್ಲಿ ಈಗ ಎಷ್ಟು ಗಂಟೆ?”

“ಅಲ್ಲಿ ಗಂಟೆ ಇಲ್ಲ ಬು. ಹದಿನಾಲ್ಕನೇ ಶತಮಾನ,” ಎಂದರು ಮೇಷ್ಟ್ರು.

ಮಳೆ ತಗಡಿನ ಮೇಲೆ ಬೀಳುತ್ತಿತ್ತು. ಬಾಣಲೆಯ ಎಣ್ಣೆ ಸುಮ್ಮನಾಗಿತ್ತು. ಇಂದ್ರೊ ಗಡಿಯಾರ ನೋಡಿಕೊಂಡ. ಅರೆಯುವ ಸದ್ದು ಒಂದೇ ಸಮನೆ ಬರುತ್ತಿತ್ತು. ಆಮೇಲೆ ಅದು ಒಂದು ಉಸಿರಿನಷ್ಟು ನಿಂತಿತು. ಅದೇ ಹೊತ್ತಿಗೆ ಬಾಣಲೆಯ ಪಕ್ಕದಲ್ಲಿ ಕೂತಿದ್ದ ವೆನಿಂಗ್ ಕೈ ಚಾಚಿ, ಮುಂದಿದ್ದ ಸಂಬಾಲ್ ಬಟ್ಟಲಿನ ಮೇಲೆ ಅಂಗೈ ಮುಚ್ಚಿದಳು. ತಾನು ಹಾಗೆ ಮಾಡಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಸೀನು ಬಂತು. ಟಿವಿಯ ದೊಡ್ಡ ಸ್ಪೀಕರಿನಲ್ಲಿ, ಇಡೀ ಅಂಗಡಿಗೆ ಕೇಳುವಂತೆ.

“ಯರ್ಹಮುಕಲ್ಲಾಹ್,” ಎಂದಳು ವೆನಿಂಗ್.

ಗಟ್ಟಿಯಾಗಿಯೇ ಹೇಳಿದ್ದಳು. ಎಲ್ಲರೂ ತಿರುಗಿದರು.

ದರ್ಮೊನೊ ಮೇಷ್ಟ್ರಿಗೆ ತಪ್ಪು ಕಂಡರೆ ಸುಮ್ಮನಿರಲು ಬಾರದು. “ಹಾಗಲ್ಲಮ್ಮ,” ಎಂದರು ಮೆಲ್ಲಗೆ. “ಸೀನಿದೋನು ಮೊದಲು ಅಲ್ಹಮ್ದುಲಿಲ್ಲಾಹ್ ಅಂತ ದೇವರನ್ನ ನೆನೀಬೇಕು. ಅವನು ನೆನೆದ್ರೆ ಮಾತ್ರ ನಾವು ಉತ್ತರ ಕೊಡೋದು. ಇವನು ಹೇಳಿಲ್ಲ.”

“ಹೇಳಿದ್ರು,” ಎಂದಳು ವೆನಿಂಗ್. “ಆಮೇಲೆ ಕತ್ತರಿಸಿದ್ರು.”

ತಟ್ಟಿಯ ಆಚೆ ಅರೆಯುವ ಸದ್ದು ಮತ್ತೆ ಶುರುವಾಗಿತ್ತು. ಇಂದ್ರೊ ಅವಳ ಕಣ್ಣನ್ನೇ ನೋಡುತ್ತಿದ್ದ. ಆಮೇಲೆ ಬಟ್ಟಲಿನ ಮೇಲಿನ ಕೈ ನೋಡಿದ.

“ವೆನಿಂಗ್ ಅಕ್ಕ,” ಎಂದ.

ಅವಳು ಮಾಸ್ಕ್ ತೆಗೆದಳು. ಹೇಗೂ ಹೊಗೆಗೆ ಉಸಿರು ಕಟ್ಟುತ್ತಿತ್ತು.

“ನಾನೇ ಕತ್ತರಿಸಿದ್ದು,” ಎಂದ ಇಂದ್ರೊ ಉಳಿದವರಿಗೆ. “ಅಡುಗೆಮನೆ ಸದ್ದು ಇವರ ಮನೇದು. ಸೀನಿದ್ದು ಸೆನೊ, ಇವರ ಯಜಮಾನರು, ನಮ್ಮಲ್ಲೇ ಚಿತ್ರ ಮಾಡ್ತಿದ್ರು. ಈಗ ಇಲ್ಲ. ಸೀನಿದ ಕೂಡಲೇ ಅಲ್ಹಮ್ದುಲಿಲ್ಲಾಹ್ ಅಂದಿದ್ರು. ಮಜಪಾಹಿತದ ಹಿಂದೂ ಅರಮನೇಲಿ ಆ ಮಾತು ಹೇಗೆ ಬರುತ್ತೆ ಅಂತ ಅದನ್ನ ತೆಗೆದೆ. ಸೀನು ಮಾತ್ರ ಇರಲಿ ಅಂದೆ, ತಮಾಷೆಗೆ. ಆಟ ಬಂದ ದಿನ ಇಬ್ರೂ ಕೇಳಿ ಕೇಳಿ ನಕ್ಕಿದ್ವಿ.”

ಈಗ ದನಿ ತಗ್ಗಿಸುತ್ತಾರೆ ಎಂದುಕೊಂಡಳು ವೆನಿಂಗ್. ಇನ್ನು ಈ ಮೇಜೂ ಮುಗಿಯಿತು.

“ಹಾಗಾದ್ರೆ ನಾನು ಹೇಳಿದ್ದೇ ಸರಿ,” ಎಂದಳು ಸೆಕಾರ್. “ಅಡುಗೆಯವಳು, ಅವಳ ಸತ್ತ…” ಅಷ್ಟಕ್ಕೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ನೀನು ಹೇಳಿದ್ದೇ ಸರಿ,” ಎಂದಳು ವೆನಿಂಗ್. “ನಾನು ಸುಮ್ನೆ ಕೈ ಎತ್ತಿದೆ.”

“ಸರಿ ಹೇಗಾಗುತ್ತೆ?” ಎಂದ ಹಾರ್ಯೊ. ತೆಂಪೆಯ ತಟ್ಟೆಯಿಂದ ತಲೆ ಎತ್ತಿದ್ದ. ಮುಖ ಇನ್ನೂ ಬಾಡಿಯೇ ಇತ್ತು, ಆದರೆ ಒಳಗಿನ ವಕೀಲ ಎದ್ದು ಕೂತಿದ್ದ. “ಕ್ಷಮಿಸಿ ಅಕ್ಕ, ದುಃಖದ ವಿಷಯ. ಆದ್ರೆ ಸದ್ದು ಹಿಡಿದಾಗ ಅವರು ಬದುಕಿದ್ರು. ಸೆಕಾರ್ ಹೇಳಿದ್ದು ಸತ್ತ ಗಂಡ ಅಂತ. ಆಗ ಅದು ತಪ್ಪು.”

“ಈಗ ಸರಿ ಅಲ್ವಾ?” ಎಂದಳು ಸೆಕಾರ್.

“ಸಿದ್ಧಾಂತ ಆಮೇಲೆ ಸರಿ ಹೋಗೋಕೆ ಅದೇನು ಹುಳಿ ಹಿಟ್ಟಾ?”

“ಅವರ ಮುಂದೆನೇ ಜಗಳ ಆಡ್ತೀರಲ್ಲ, ನಾಚಿಕೆ ಇಲ್ವಾ,” ಎಂದಳು ಬು ಪೈನೆಮ್.

“ಆಡ್ಲಿ ಬಿಡಿ ಬು,” ಎಂದಳು ವೆನಿಂಗ್. ದನಿ ಯಾರೂ ತಗ್ಗಿಸಿರಲಿಲ್ಲ. ಅವಳು ತಟ್ಟೆಯಿಂದ ಒಂದು ತಾಹು ತೆಗೆದುಕೊಂಡಳು. ಬೆಳಗಿನಿಂದ ಏನೂ ತಿಂದಿರಲಿಲ್ಲ ಎಂದು ಆಗ ನೆನಪಾಯಿತು.

ಇಂದ್ರೊ ಗಂಟಲು ಸರಿಮಾಡಿಕೊಂಡ. “ಅಕ್ಕ, ನಂಗೆ ಗೊತ್ತಾಗುತ್ತೆ. ಆದ್ರೆ ಕಂಪನಿ ನಿಯಮ ಹಾಗಿದೆ. ಇತಿಹಾಸಕ್ಕೆ ಹೊಂದದ್ದು ಉಳಿಯೋ ಹಾಗಿಲ್ಲ. ಕಥೆಯ ಭಾಗವೂ ಅಲ್ಲ ಅಂತ ಈಗ ನೀವೇ…”

“ಒಂದು ನಿಮಿಷ,” ಎಂದರು ದರ್ಮೊನೊ ಮೇಷ್ಟ್ರು.

ಎದ್ದು ನಿಂತು ಕನ್ನಡಕ ಒರೆಸಿಕೊಂಡರು. ಎಷ್ಟೋ ಮಕ್ಕಳನ್ನು ನಡುಗಿಸಿದ ನಿಲುವು ಅದು. ಇಂದ್ರೊ ತನಗರಿವಿಲ್ಲದೆ ನೆಟ್ಟಗೆ ಕೂತ.

“ಮೆಣಸಿನಕಾಯಿ ತಪ್ಪು. ಅದನ್ನ ತೆಗೀರಿ. ಅಲ್ಲಿ ಕಾಳುಮೆಣಸು ಹಾಕ್ತೀರಿ ತಾನೇ?”

“ಹೌದು ಸಾರ್.”

“ಕಾಳುಮೆಣಸು ಕುಟ್ಟುವಾಗ ಮುಖ ಹತ್ತಿರ ಇಟ್ರೆ ಏನಾಗುತ್ತೆ?”

ಇಂದ್ರೊನ ಕೈ ತಾನಾಗಿಯೇ ಮೂಗಿನ ಹತ್ತಿರ ಹೋಯಿತು.

“ಸೀನು ಬರುತ್ತೆ. ಮೆಣಸಿನಕಾಯಿಗಿಂತ ಜಾಸ್ತಿ ಬರುತ್ತೆ. ಹಾಗಾಗಿ ಸೀನು ಇತಿಹಾಸಕ್ಕೆ ಹೊಂದುತ್ತೆ. ಹದಿನಾಲ್ಕನೇ ಶತಮಾನದಲ್ಲಿ ಯಾರೂ ಸೀನಿರಲಿಲ್ಲ ಅನ್ನೋಕೆ ನಿಮ್ಮ ಹತ್ರ ಆಧಾರ ಇದ್ರೆ ಕೊಡಿ.”

“ಇಲ್ಲ ಸಾರ್.”

“ಇನ್ನೊಂದು. ಟ್ರಾಲಾಯಾದ ಗೋರಿಕಲ್ಲುಗಳನ್ನ ನೋಡಿದೀರಾ? ಅರಮನೆ ಇದ್ದ ಜಾಗಕ್ಕೆ ಹತ್ರಾನೇ ಇದೆ. ಮಜಪಾಹಿತ ಇನ್ನೂ ಉಚ್ಛ್ರಾಯದಲ್ಲಿದ್ದಾಗಿನ ಮುಸಲ್ಮಾನರ ಗೋರಿಗಳು. ಅಂದ್ರೆ ಆ ಊರಲ್ಲಿ ಆಗಲೇ ಅವರಿದ್ರು. ಅವರೂ ಸೀನ್ತಿದ್ರು. ಸೀನಿ ಏನಂತಿದ್ರು?”

ಇಂದ್ರೊ ತಲೆ ತಗ್ಗಿಸಿದ.

“ನೀವು ತಪ್ಪನ್ನ ಉಳಿಸಿ, ಸರಿ ಇದ್ದದ್ದನ್ನ ಕತ್ತರಿಸಿದ್ರಿ,” ಎಂದರು ಮೇಷ್ಟ್ರು. ಆ ಕ್ಷಣದಲ್ಲಿ ಅವರಿಗಿಂತ ಸಂತೋಷವಾಗಿದ್ದ ಮನುಷ್ಯ ಮಲಾಂಗ್‌ನಲ್ಲಿ ಇರಲಿಕ್ಕಿಲ್ಲ. “ತಿದ್ದುಪಡಿ ಅಂದ್ರೆ ಅದನ್ನ ವಾಪಸ್ ಹಾಕಬೇಕು. ಮೂಲ ಧ್ವನಿ ಇದೆಯಾ?”

“ಹುಡುಕಬೇಕು.”

“ಹುಡುಕಿ.”

ಇಂದ್ರೊ ವೆನಿಂಗಳ ಕಡೆ ನೋಡಿದ. “ಅದರಲ್ಲಿ ನಿಮ್ಮ ಉತ್ತರಾನೂ ಇದೆ ಅಕ್ಕ. ಆಮೇಲೆ ನೀವು ಅವರಿಗೆ ಬೈದದ್ದೂ ಇದೆ. ಮುಖ ಆ ಕಡೆ ತಿರುಗಿಸಬಾರದಾ, ಸಂಬಾಲ್ ಒಳಗೇ ಸೀನ್ತೀರಲ್ಲ ಅಂತ.”

“ಅದನ್ನ ಹಾಕ್ಬೇಡಿ,” ಎಂದಳು ವೆನಿಂಗ್. ಆಮೇಲೆ ಹೇಳಿದಳು, “ನನ್ನದು ಯಾವುದೂ ಬೇಡ. ಅಷ್ಟು ಜಾಗ ಖಾಲಿ ಬಿಡಿ.”

*

ಹೊಸ ‘ಕಹಿ ಬಿಲ್ವ’ ಬಂದಾಗ ಮಳೆ ನಿಂತು ಮಾವಿನ ಮರಗಳಲ್ಲಿ ಹೂ ಕಾಣುತ್ತಿತ್ತು. ಕಲ್ಲಿನ ಮೇಲೆ ಕಾಳುಮೆಣಸಿತ್ತು. ಅಂಚು ಒಡೆದೇ ಇತ್ತು. ತಟ್ಟಿಯ ಆಚೆ ಅರೆಯುವ ಸದ್ದು. ನಿಂತು ಕಾದರೆ ಸೀನು, ಆಮೇಲೆ ಮೂಗು ಕಟ್ಟಿದ ದನಿಯಲ್ಲಿ ಅವಸರದ ಅಲ್ಹಮ್ದುಲಿಲ್ಲಾಹ್, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಒಬ್ಬರು ಒಂದು ಮಾತು ಹೇಳಲು ಸಾಕಾಗುವಷ್ಟು.

ಎಲೆಯಡಿಕೆಯ ಕಾವಲುಗಾರನನ್ನು ಯಾರೂ ತಿದ್ದಿರಲಿಲ್ಲ. ಅವನು ವೆನಿಂಗಳನ್ನು ಮೊದಲಿನಂತೆಯೇ ಕೊಲ್ಲುತ್ತಿದ್ದ. ಹಾಗಾಗಿ ಅವಳು ಭಾನುವಾರ ಅಂಗಡಿಗೆ ಬರುವುದನ್ನು ಬಿಡಲಿಲ್ಲ. ಸೆಕಾರ್ ಗೋಡೆ ಹಾರಿಸಿ ಕೊಡುತ್ತಿದ್ದಳು. ಸೀನು ಬಂದಾಗ ಮೇಜಿನವರೆಲ್ಲ ಉತ್ತರ ಹೇಳುತ್ತಿದ್ದರು. ಬು ಪೈನೆಮ್ ಬಾಣಲೆಯ ಹಿಂದಿನಿಂದ ಹೇಳುತ್ತಿದ್ದಳು. ಪಕ್ಕದ ಮೇಜಿನಲ್ಲಿ ಇಸ್ಪೀಟಾಡುವವರೂ ಎಲೆಯಿಂದ ಕಣ್ಣೆತ್ತದೆ ಹೇಳುತ್ತಿದ್ದರು.

ಮಂಡಳಿಯ ಬೇರೆ ಶಾಖೆಗಳಿಗೂ ಈ ಅಭ್ಯಾಸ ಹಬ್ಬಿತು. ಯಾಕೆಂದು ಮಲಾಂಗ್‌ನವರು ಯಾರಿಗೂ ಹೇಳಲಿಲ್ಲ; ಹಾರ್ಯೊ ಕೂಡ ಹೇಳಲಿಲ್ಲ, ಅವನಿಗೆ ಅದು ಬಹಳ ಕಷ್ಟವಾಯಿತು. ಕಾರಣ ಗೊತ್ತಿಲ್ಲದ ಮೇಲೆ ಜನ ಹುಡುಕತೊಡಗಿದರು. ಸುರಬಾಯದಿಂದ ಒಬ್ಬ ಇಂಜಿನಿಯರ್ ಬೈಕಿನಲ್ಲಿ ಇದಕ್ಕೆಂದೇ ಬಂದ. ಸೀನಿನ ನಂತರದ ಮೌನದ ಬಗ್ಗೆ ತನ್ನದೊಂದು ಸಿದ್ಧಾಂತವಿದೆ ಎಂದ. ಅಲ್ಲಿ ಒಬ್ಬ ಹೆಂಗಸಿದ್ದಾಳೆ, ಉತ್ತರ ಕೊಡಬೇಕಾದವಳು, ಆದರೆ ಕೊಡುತ್ತಿಲ್ಲ. ಏಕೆಂದರೆ ಅವಳೇ ಎಂಟನೆಯವಳು, ಬೇಹುಗಾರ್ತಿ.

ಹಾರ್ಯೊನ ಕಣ್ಣು ಹೊಳೆಯಿತು. “ಎಂಟನೆಯವಳು,” ಎಂದ ಮೆಲ್ಲಗೆ. “ಕುರ್ಚಿ ಹಾಕಿ ಇವರಿಗೆ.”

“ಕಂಬದ ನೆರಳು ಅಂತ ಹೇಳಿಯಾಯ್ತಲ್ಲಪ್ಪ,” ಎಂದರು ಮೇಷ್ಟ್ರು.

“ಕಂಬದ ಹಿಂದೆ ಯಾರೂ ಇರಲಿಲ್ಲ ಅಂತ ಇಂದ್ರೊ ಹೇಳಿಲ್ಲ.”

ಇಂಜಿನಿಯರ್ ವೆನಿಂಗಳ ಕಡೆ ತಿರುಗಿದ. ಈ ಶಾಖೆಯಲ್ಲಿ ಅಡುಗೆಮನೆಯ ವಿಷಯ ಅತಿ ಹೆಚ್ಚು ತಿಳಿದವರು ಇವರೇ ಎಂದು ಅವನಿಗೆ ಯಾರೋ ಹೇಳಿದ್ದರು.

“ನೀವೇನಂತೀರಿ ಅಕ್ಕ? ಅವಳು ಬೇಹುಗಾರ್ತಿಯೇ?”

ವೆನಿಂಗ್ ಸೂಜಿಮೆಣಸಿನ ತೊಟ್ಟು ಮುರಿಯುತ್ತಿದ್ದಳು. ಆ ಬೆಳಿಗ್ಗೆ ಸಿಂಕಿನ ಕೆಳಗಿನಿಂದ ಕಲ್ಲು ತೆಗೆದು ತೊಳೆದಿಟ್ಟು ಬಂದಿದ್ದಳು. ಇಷ್ಟು ದಿನದಲ್ಲಿ ಒಣಗಿ ಅಂಟಿಕೊಂಡಿದ್ದದ್ದು ಬಿಡಲು ಬಹಳ ಹೊತ್ತು ಹಿಡಿದಿತ್ತು.

“ಗೊತ್ತಿಲ್ಲ,” ಎಂದಳು. “ಆದ್ರೆ ಅವಳ ಕೈಯಲ್ಲಿ ಕೆಲಸ ಇತ್ತು. ಅರೀತಾ ಇದ್ದಳು.”

ಹಾರ್ಯೊ ಬೆರಳಿನಿಂದ ಮೇಜು ಕುಟ್ಟಿದ.